ಎಡಗಡೆ ಕುಂದ್ರಬ್ಯಾಡ

ಎಡಗಡೆ ಕುಂದ್ರಬ್ಯಾಡ ರೇಣವ್ವ, ಈ ಕಡೆ ಬಾ.
ಆ ಕಿವಿ ಕೇಳೂದಿಲ್ಲ ನನಗ.
ಅಲ್ಲಿ ಕುಂತು ನೀ ಏನ್ ಹೇಳಿದ್ರೂ
ಮೆಣಸಿನಕಾಯಿ ಕೇಳಬೇಕು, ಅಷ್ಟ.

ಬ್ಯಾಡಗಿ ಪ್ಯಾಟಿಯೊಳಗ ಮೊದಲ ದಿನ, ಹೌದಲ್ಲ?
ಸೀನು ಎಣಿಸಬ್ಯಾಡ.
ಮೂವತ್ತರ ಮ್ಯಾಲೆ ಇಲ್ಲಿ ಯಾರೂ ಎಣಿಸೂದಿಲ್ಲ.
ತೊಟ್ಟು ಮುರಿದಂಗೊಮ್ಮೆ ಕೆಂಪು ಧೂಳ ಏಳತೈತಿ,
ಸೆರಗು ಬಿಗಿದ್ರೂ ಒಳಗ ಬರತೈತಿ,
ಕರೀದ ಬಂದ ಬೀಗರಂಗ
ಮೂಗಿನ ಪಡಸಾಲ್ಯಾಗ ಚಾಪಿ ಹಾಸತೈತಿ.

ತಗೋ ಈ ಸೀಸೆ.
ಕೆಮ್ಮಿನ ಔಷಧದ ಹಳೇದು, ಚೀಟಿ ಕಿತ್ತೀನಿ.
ಎಳ್ಳೆಣ್ಣಿ, ಲಕ್ಕಿ ಎಲಿ, ಒಂದ್ ಚಿಟಿಕಿ ಅಜವಾನ.
ಸಣ್ಣ ಉರಿಮ್ಯಾಲೆ ಇಟ್ಟು
ಎಲಿ ಚರಚರ ಅನ್ನೂದು ನಿಂತ ಮ್ಯಾಲೆ
ಅರಿವಿಯೊಳಗ ಸೋಸಿದ್ದು.
ನಮ್ಮವ್ವ ನನಗ ಬಿಟ್ಟು ಹೋದದ್ದು
ಬಂಗಾರ ಅಲ್ಲ, ಪಾತ್ರಿ ಪಗಡಿ ಅಲ್ಲ,
ಇದೊಂದ ಅಳತಿ.

ರಾತ್ರಿ ಕಿರುಬೆರಳು ಅದ್ದಿ
ಮೂಗಿನ ಒಳ ಅಂಚಿಗೆ ಸವರಿಕೋ.
ಸುಖ ಐತಿ, ಸುಳ್ಳು ಹೇಳೂದಿಲ್ಲ.
ಒಣಗಿ ಸೀಳಿದ್ದು ಮೆತ್ತಗಾಗತೈತಿ,
ರಕ್ತದ ಹಕ್ಕಳಿ ತಾನ ಬಿಡತೈತಿ.
ಹೋದ ವರ್ಷ ಎಂಟು ತಿಂಗಳಾದ ಮ್ಯಾಲೆ
ಒಂದಿನ ನಸುಕಿನ್ಯಾಗ
ರೊಟ್ಟಿ ಸೀದ ವಾಸನಿ ಬಂತು ನನಗ.
ಸೀದ ರೊಟ್ಟಿ ಮುಂದ ನಿಂತು ನಕ್ಕೀನಿ.

ಸವರಿಕೋ ಅಂದೆ. ಸುರುವಿಕೋ ಅನ್ನಲಿಲ್ಲ.
ಎಣ್ಣಿಗೆ ದಾರಿ ಗೊತ್ತಿಲ್ಲ.
ಗಂಟಲ ಅಂತ ತಿಳದು ಎದಿಯೊಳಗೂ ಇಳೀತೈತಿ.
ಆ ಕಂಬದ ಹಂತ್ಯಾಕ ಕುಂದ್ರತಿದ್ಲು ಕಾಶಿಂಬಿ,
ದಿನಾ ಮಕ ಮ್ಯಾಲೆ ಮಾಡಿ
ಎರಡೂ ಹೊಳ್ಳಿಗೆ ಚಮಚಾಗಟ್ಟಲೆ ಬಿಟಗೋತಿದ್ಲು.
ವರ್ಷಾತು, ಕೆಮ್ಮು ಹೋಗವಲ್ದು.
ಹುಬ್ಬಳ್ಳಿ ಡಾಕ್ಟರ ಎಕ್ಸರೇ ಬೆಳಕಿಗೆ ಹಿಡದು
‘ಎಣ್ಣಿ ಕುಡೀತೀರೇನು?’ ಅಂತ ಕೇಳಿದ್ನಂತ.
‘ಕುಡದಿಲ್ರಿ, ಉಸಿರಾಡೀನಿ’ ಅಂದ್ಲು ಕಾಶಿಂಬಿ.

ಕಿವಿ?
ಕಿವಿ ಮಾತು ಬ್ಯಾರೆ.
ಆರು ವರ್ಷದಾಕಿ ನಾ. ಕಿವಿ ಸೋರತಿತ್ತು,
ದಿಂಬು ನಾರತಿತ್ತು, ಬಾಜೂ ಮಲಗಾಕ ತಮ್ಮ ಒಲ್ಲೆ ಅಂತಿದ್ದ.
ಅವ್ವ ಕಬ್ಬಿಣ ಸೌಟಿನ್ಯಾಗ ಬಳ್ಳೊಳ್ಳಿ ಎಣ್ಣಿ ಕಾಸಿದ್ಲು.
ತನ್ನ ಮುಂಗೈ ಮ್ಯಾಲೆ ಒಂದು ಹನಿ ಬಿಟ್ಟು ನೋಡಿದ್ಲು.
ಇಪ್ಪತ್ತು ವರ್ಷ ಹಂಚಿಗೆ ತಾಗಿದ ಮುಂಗೈ ಅದು,
ಸುಡೂದಂದ್ರ ಏನಂತ ಅದಕ್ಕ ಮರತಿತ್ತು.
‘ಆರೇತಿ’ ಅಂದ್ಲು.

ಸಾಸಿವಿ ಸಿಡದಂಗ ಒಂದು ಸಪ್ಪಳ.
ಆ ಕಡೆಯಿಂದ ನಾ ಕೇಳಿದ ಕಡೀ ಸಪ್ಪಳ.

ಆಮ್ಯಾಲೆ ಒಬ್ಬ ಡಾಕ್ಟರ ಬ್ಯಾಟರಿ ಹಚ್ಚಿ ನೋಡಿ ಹೇಳಿದ:
‘ಒಳಗಿನ ಪರದೆ ಮೊದಲ ತೂತಾಗಿತ್ತು,
ಸೋರೂ ಕಿವಿಗೆ ಏನೂ ಹಾಕಬಾರದು.’
‘ಹಂಗಾರ ನನ್ನ ಎಣ್ಣಿಯಿಂದ ಅಲ್ಲಲ್ರಿ?’ ಅಂದ್ಲು ಅವ್ವ.
ಅಂವ ಚೀಟಿ ಬರಕೋತ ಕುಂತ.
ಅವತ್ತಿನಿಂದ ಸಾಯೂತನಕ
ಆಕಿ ನನ್ನ ಬಲಗಡೆನ ನಡದ್ಲು, ಬಲಗಡೆನ ಮಲಗಿದ್ಲು.
ಬೈಯೂದಿದ್ರೂ ಸುತ್ತು ಹಾಕಿ ಬಲಕ್ಕ ಬಂದು ಬೈತಿದ್ಲು.

ಏನಂದಿ? ಜೋರಾಗಿ ಅನ್ನು.
ಕೂಸಿಗೆ?
ಎಷ್ಟು ತಿಂಗಳದ್ದು, ಮೂರು?
ಎರದ ಮ್ಯಾಲೆ ಮೂಗಿಗೆರಡು, ಕಿವಿಗೆರಡು ಹನಿ
ಅಂತಾಳೇನು ನಿಮ್ಮತ್ತಿ?

ಕೊಡಿಲ್ಲಿ ಸೀಸೆ.

ಸಿಟ್ಟಾಗಬ್ಯಾಡ.
ನಿನ್ನ ಮೂಗಿಗೆ ನಾ ದಿನಾ ತರತೀನಿ, ಇಲ್ಲೇ ಸವರಿಕೋ.
ಮನಿಗೆ ಕೊಡೂದಿಲ್ಲ.
ಕೂಸಿಗೆ ಬರೇ ಎಣ್ಣಿ ಅಂಗಾಲಿಗೆ ತಿಕ್ಕು, ಬೆನ್ನಿಗೆ ತಿಕ್ಕು,
ಬಾಗಲಾ ಇಲ್ಲದ ಕಡೆ ಎಷ್ಟರ ತಿಕ್ಕು.
ಮೂಗು ಕಟ್ಟಿದ್ರ ದವಾಖಾನಿಗೆ ಒಯ್ಯಿ.
ಸಂತಿ ದಿನ ಪಗಾರ ಹೋದ್ರ ಹೋಗಲಿ, ನಾ ನೋಡತೀನಿ.
ನಿಮ್ಮತ್ತಿ ‘ನಾವೆಲ್ಲಾ ಬೆಳದಿಲ್ಲೇನು’ ಅಂದ್ರ
ಹೂಂ ಅನ್ನು. ಬೆಳದಾರ. ನಾನೂ ಬೆಳದೀನಿ.
ಒಮ್ಮೆ ಕರಕೊಂಡು ಬಾ ಇಲ್ಲಿಗೆ,
ಎಡಗಡೆ ಕುಂದ್ರಿಸು.

ಹಾಂ, ತೊಟ್ಟು ಬಿಡಿಸು ಈಗ.
ತೂಕದ ಗುರುಪಾದಪ್ಪ ಬರೂ ಹೊತ್ತಾತು.
ಕಂಡ್ರ ನನ್ನ ಮೊಣಕಾಲಿಗೊಂದು ತಿವಿ.
ಯಾವಾಗ್ಲೂ ಎಡಗಡೆಯಿಂದನ ಬರತಾನ.