ಮುಚ್ಚಳ

ಭಿಶಿಯ ಕೊನೆಯ ಚೀಟಿ ಬಂದದ್ದು ಗುಲಾಬಿಗೆ.
ಬಂಗಾರ ಬೇಡ, ಪಾತ್ರೆ ಬೇಡ, ಈ ಸಲ
ಕೂತು ತಿನ್ನುವ, ಅಂದಳು. ನಾವು ಐದು ಜನ
ಇಷ್ಟು ವರ್ಷ ನಿಂತೇ ತಿಂದವರು,
ಒಂದು ಕೈ ತಕ್ಕಡಿಯ ಮೇಲೆ.

ಹಾಗೆ ಕೋಡಿಬಾಗದ ಆ ಹೊಸ ಹೊಟೇಲು.
ಕಾಳಿ ಸಮುದ್ರ ಸೇರುವಲ್ಲಿ, ಹೊರಗೇ ಮೇಜು,
ಎದುರಿಗೆ ಸದಾಶಿವಗಡ,
ನೀರಲ್ಲಿ ಮುರಿದ ಸೇತುವೆಯ ಮೋಟು ಕಂಬ.
ಎರಡೆರಡು ಸಲ ಸಾಬೂನು ಹಚ್ಚಿ ಮಿಂದು ಬಂದಿದ್ದೆವು,
ಆದರೂ ಇಸ್ಬೆಲ್ ಬಾಯಿ
ತನ್ನ ಬೆರಳು ತಾನೇ ಮೂಸಿಕೊಳ್ಳುತ್ತಿದ್ದಳು.

ಚಿತ್ತಾಕುಲದ ಹುಡುಗ, ಕಪ್ಪು ಅಂಗಿ, ಬಗ್ಗಿ ನಿಂತು
'ತಾಪಾಸ್' ಅಂದ.
'ತಪಾಸಣೆಯೇನ?' ಎಂದಳು ದೇವಕಿ,
'ಮಾಜಾಳಿ ಗೇಟಿನಲ್ಲಿ ಮಾಡ್ತಾರಲ್ಲ, ಡಿಕ್ಕಿ ತೆಗೆಸಿ?'
ಹುಡುಗ ನಗಲಿಲ್ಲ. ನಗಬೇಡ ಎಂದು
ಸಂಬಳ ಕೊಡುವವರು ಹೇಳಿದ್ದರೋ ಏನೋ.

ಬಂತು. ಬಂದದ್ದೆಲ್ಲ ಅಂಗೈಯಗಲ.
ಬೆಳ್ಳುಳ್ಳಿ ಎಣ್ಣೆಯಲ್ಲಿ ಆರು ಶೆಟ್ಲಿ,
ಉಂಗುರ ಉಂಗುರ ಕೊಯ್ದು ಕರಿದ ಮಾಣಕಿ,
ಟೊಮೆಟೊ ತಿಕ್ಕಿದ ಬ್ರೆಡ್ಡು,
ಉಪ್ಪುನೀರಿನ ಹಸಿರು ಕಾಯಿ ನಾಲ್ಕು,
ಐದು ಜನಕ್ಕೆ ನಾಲ್ಕು!
ನಾವು ಗೋಣಿಯ ಮೇಲೆ ಪಾಲು ಹಾಕುವುದಿಲ್ಲವೆ, ಹಾಗೇ,
ನೂರಕ್ಕೊಂದು ಪಾಲು, ತೊಗೊಳಿ ಬಾಯಿ, ತೊಗೊಳಿ.
ಗಿರಾಕಿ ಮುಖ ಸಣ್ಣ ಮಾಡಿದರೆ
ಮೇಲೊಂದು ಎಸೆಯುತ್ತೇವೆ ನಾವು.
ಇಲ್ಲಿ ಯಾರೂ ಎಸೆಯಲಿಲ್ಲ.

ಆ ಮಾಣಕಿ ನನ್ನದೇ. ಬೆಳಿಗ್ಗೆ ಏಳಕ್ಕೆ
ಇದೇ ಹೊಟೇಲಿನ ಹಿಂಬಾಗಿಲಲ್ಲಿ ತೂಗಿ ಕೊಟ್ಟಿದ್ದೆ.
ಹೇಳಲಿಲ್ಲ. ತಿಂದು ನೋಡಿದೆ.
ಚೆನ್ನಾಗಿತ್ತು, ನನಗೇ ಸಿಟ್ಟು ಬರುವಷ್ಟು.

ಆಮೇಲೆ ಹೂಜಿ. ಸಂಗ್ರಿಯಾ.
ಭಿರಂಡಿ ಪಾನಕದ ಬಣ್ಣ,
ಒಳಗೆ ಕಿತ್ತಳೆ ಬಿಲ್ಲೆ, ಸೇಬಿನ ಹೋಳು ತೇಲುತ್ತ.
ಪ್ರೇಮಾ ಎರಡೂ ಕೈಯಲ್ಲಿ ಲೋಟ ಹಿಡಿದು
ಮೊದಲು ಕಣ್ಣಿಗೊತ್ತಿಕೊಂಡಳು.
ಅಭ್ಯಾಸ.

'ತಾಪಾ ಅಂದರೆ ಮುಚ್ಚಳವಂತೆ,' ಹುಡುಗ ಹೇಳಿದ,
ಪಾಠ ಒಪ್ಪಿಸುವ ದನಿಯಲ್ಲಿ.
'ಆ ದೇಶದಲ್ಲಿ ಹಿಂದೆ, ಗ್ಲಾಸಿಗೆ ನೊಣ ಬೀಳದ ಹಾಗೆ
ಮೇಲೊಂದು ಬ್ರೆಡ್ಡಿನ ಚೂರು ಇಡುತ್ತಿದ್ದರಂತೆ.'

ಸೇತುವೆಯೇ ಇಲ್ಲದ ಕಾಲ.
ಆಚೆ ದಡದಿಂದ ತರಿ ದೋಣಿಯಲ್ಲಿ
ಸೀಮೆಎಣ್ಣೆ ಬಾಟಲಿ ತುಂಬ ಉರಾಕ ತರುತ್ತಿದ್ದವಳು ನಾನೇ,
ಬಾಯಿಗೆ ಬಾಳೆಲೆಯ ಬಿರಡೆ, ಮೇಲೆ ಬಸಳೆಯ ಕಟ್ಟು.
ಬುಟ್ಟಿ ಖಾಲಿಯಾದ ರಾತ್ರಿ ಆಯಿ ಒಲೆಯ ಹಿಂದೆ ಕೂತು
ಒಂದು ಲೋಟ, ಒಂದೇ.
ಲೋಟದ ಮೇಲೆ ಅಂಗಾತ ಒಂದು ಗರಟೆ,
ಗರಟೆಯಲ್ಲಿ ಉಪ್ಪು, ಸುಟ್ಟ ಒಣ ಶೆಟ್ಲಿ ಎರಡು, ಬಿಂಬಲಿ ಹೋಳು.
ಹೆಜ್ಜೆ ಸಪ್ಪಳವಾದರೆ, ಏನೋ ತಿನ್ನುತ್ತಿದ್ದಾಳೆ ಅಷ್ಟೆ.
ಹೆಂಗಸು ಉಪ್ಪು ನೆಕ್ಕಿದರೆ
ಯಾರು ಏನೆಂದಾರು?

ನಮ್ಮ ಮನೆಯಲ್ಲಿ ನೊಣ ಇತ್ತು, ಬೇಕಷ್ಟಿತ್ತು.
ಮುಚ್ಚಳ ನೊಣಕ್ಕಲ್ಲ.

ಹುಡುಗನಿಗೆ ಹೇಳಬೇಕೆನಿಸಿತು. ಅವ ಆಗಲೇ
ಪಕ್ಕದ ಮೇಜಿನಲ್ಲಿ, ನೌಕಾನೆಲೆಯ ಜೋಡಿಯೊಂದಕ್ಕೆ
ಅದೇ ನೊಣದ ಕಥೆ ಹೇಳುತ್ತಿದ್ದ.

ಎರಡನೆಯ ಲೋಟಕ್ಕೆ ಗುಲಾಬಿ ಲಿಲಾವು ಕೂಗಿದಳು:
ಕೊನೆಯ ಕಾಯಿ! ಇನ್ನೂರು! ಇನ್ನೂರೈವತ್ತು!
ದೇವಕಿ ಮುನ್ನೂರಕ್ಕೆ ಹಿಡಿದು, ಕಚ್ಚಿ, ಉಗಿದಳು,
ಥೂ, ನಮ್ಮ ಉಪ್ಪಿನ ಅಂಬಟೆಯೇ ವಾಸಿ ಮಾರಾಯ್ತಿ.
ನಕ್ಕೂ ನಕ್ಕೂ ಇಸ್ಬೆಲ್ ಬಾಯಿಗೆ
ಬೆರಳು ಮೂಸುವುದು ಮರೆತೇಹೋಯಿತು.

ಅಷ್ಟರಲ್ಲಿ ರಸ್ತೆಯಲ್ಲೊಂದು ಸ್ಕೂಟರು ನಿಧಾನವಾಯಿತು.
ಬೈತಖೋಲದ ದಲಾಲಿ ವಿಠೋಬ.
ಒಂದು ಕಾಲು ನೆಲಕ್ಕೂರಿ ನೋಡಿದ,
ಹೂಜಿಯನ್ನು, ನಮ್ಮನ್ನು, ಮತ್ತೆ ಹೂಜಿಯನ್ನು.
ನನ್ನ ಕೈ ತನ್ನಷ್ಟಕ್ಕೆ ತಟ್ಟೆಯತ್ತ ಹೋಯಿತು,
ಸಣ್ಣ ತಟ್ಟೆ,
ಲೋಟದ ಬಾಯಿಗೆ ಸರಿಯಾದ ಅಳತೆ.

ತಟ್ಟೆಯಲ್ಲಿ ಒಂದೇ ಶೆಟ್ಲಿ ಉಳಿದಿತ್ತು.
ಎತ್ತಿ ತಿಂದೆ, ಅವ ನೋಡುತ್ತಿರುವಂತೆಯೇ,
ಬಾಲದ ಸಿಪ್ಪೆಯನ್ನೂ ಬಿಡದೆ.