ಬರೆ

ಕೋರ್ಟ್‌ಹೌಸಿನ ಮುಂಬಾಗಿಲಿಗೆ ಬೀಗ.
'ಹಿಂಬದಿಯಿಂದ ಬನ್ನಿ' ಎಂದು ಗಾಜಿಗೆ ಅಂಟಿಸಿದ ಕಾಗದ
ಟೆಕ್ಸಸ್ಸಿನ ಬಿಸಿಲಿಗೆ ಹಪ್ಪಳದ ಹಾಗೆ ಮುದುಡಿದೆ.
ಓಲೀಟಾ ನನ್ನ ಮೊಣಕೈ ಹಿಡಿದಿದ್ದಾಳೆ.
ಎಂಬತ್ತೈದು, ಅವಳ ಲೆಕ್ಕದಲ್ಲಿ.
ಸರ್ಕಾರದ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ.

ಕಾರು ಓಡಿಸುವುದು ಬಿಟ್ಟಳು, ಲೈಸೆನ್ಸು ತೀರಿತು,
ಹೊಸ ಕಾರ್ಡಿಗೆ ಜನನಪತ್ರ ಬೇಕಂತೆ.
"ಅಡುಗೆಮನೆ ಮೇಜಿನ ಮೇಲೆ ಹುಟ್ಟಿದವಳು ನಾನು.
ಮೇಜು ಇನ್ನೂ ಇದೆ, ಬೇಕಾದರೆ ಹೊರಿಸಿಕೊಂಡು ಬರಲೇ?"

ಕೌಂಟಿ ಕ್ಲರ್ಕಿನ ಕಿಟಕಿಯಲ್ಲಿ ಗ್ರಾಸಿಯೆಲಾ,
ಕೊರಳ ಮಣಿಸರದಲ್ಲಿ ತೂಗುವ ಕನ್ನಡಕ.
ರಾಜಧಾನಿಗೆ ಬರೆದಿರಾ? ಬರೆದೆವು.
ಏನಂದರು? ಕೌಂಟಿಯಲ್ಲಿ ಕೇಳಿ ಅಂದರು.
ಚರ್ಚಿನಲ್ಲಿ? ಚರ್ಚು ಸುಟ್ಟುಹೋಯಿತು,
ಓಲೀಟಾಳಿಗೆ ಹದಿಮೂರಾಗಿದ್ದಾಗ, ಪೀಠದ ಸಮೇತ.

ನನಗೆ ಒಳಗೊಳಗೇ ನಗು.
ನನ್ನ ಹುಟ್ಟುದಿನ ಹೆಡ್‌ಮಾಸ್ತರರು ಕರುಣಿಸಿದ್ದು: ಜೂನ್ ಒಂದು.
ನಮ್ಮ ಕ್ಲಾಸಿನ ಮೂವತ್ತೊಂಬತ್ತು ಮಕ್ಕಳೂ ಅದೇ ದಿನದವರು.
ಪಾಪ, ಊರ ಸೂಲಗಿತ್ತಿಗೆ ಅಂದು ಎಷ್ಟು ಕೆಲಸ!

ಜನನದ ಪುಸ್ತಕ ಬಂತು, ಮಗುವಿನಷ್ಟೇ ಭಾರ.
ಮಾರ್ಚಿ ತಿಂಗಳಲ್ಲಿ ಹನ್ನೊಂದು ಹೆಸರು, ಎರಡು 'ಹೆಸರಿಟ್ಟಿಲ್ಲ',
ಪ್ಯುವಿಟ್ ಎಂಬುದು ಎಲ್ಲೂ ಇಲ್ಲ.
ಮುಚ್ಚಿದಳು. ಕನ್ನಡಕ ತೆಗೆದಳು. ಮತ್ತೆ ಹಾಕಿಕೊಂಡಳು.
"ನಿಮ್ಮಪ್ಪನಿಗೆ ದನ ಇದ್ದವೇ?"

ನೆಲಮಾಳಿಗೆಗೆ ಹದಿನಾರು ಮೆಟ್ಟಿಲು,
ಓಲೀಟಾ ಪ್ರತಿಯೊಂದಕ್ಕೂ ಒಂದೊಂದು ಬೈಗುಳ ಕೊಟ್ಟಳು.
ಕಬ್ಬಿಣದ ಕಪಾಟು, ಇಲಿಯ ವಾಸನೆ, ಉರಿದು ಆರುವ ಟ್ಯೂಬ್‌ಲೈಟು.
ಭೂಮಿಯ ಪತ್ರ, ಸಾಲದ ಪತ್ರ, ಮದುವೆ, ಜಪ್ತಿ,
ಕೊನೆಗೆ ಚರ್ಮದ ಹೊದಿಕೆಯ ಪುಸ್ತಕ: ದನಗಳ ಬರೆ.

*ಹೋರೇಸ್ ಪ್ಯುವಿಟ್. ಮಾರ್ಚಿ ಹದಿನೇಳು.
ಬಲಗಿವಿಗೆ ಕಚ್ಚು. ಎಡತೊಡೆಗೆ ಬರೆ.*
ಪಕ್ಕದಲ್ಲಿ ಶಾಯಿಯಿಂದ ಬಿಡಿಸಿದ ಗುರುತು:
ಒಂದು ಸೊನ್ನೆ, ಕೆಳಗೊಂದು ಗೆರೆ.

ಅವಳು ಹುಟ್ಟಿದ್ದು ಹದಿನಾಲ್ಕಕ್ಕೆ.
ಮೂರು ದಿನದ ಬಾಣಂತಿಯನ್ನು ಬಿಟ್ಟು
ಹದಿನೆಂಟು ಮೈಲಿ ಬಂದಿದ್ದಾನೆ ಪುಣ್ಯಾತ್ಮ,
ದನದ ಬರೆ ಬರೆಸಿದ್ದಾನೆ,
ಜನನದ ಕಿಟಕಿ ಅಲ್ಲಿಂದ ನಾಲ್ಕು ಹೆಜ್ಜೆ.
ನನ್ನ ಮೈ ಉರಿಯಿತು.
ನನ್ನ ಭಾಷೆಯಲ್ಲಿ ಬರೆ ಎಂದರೆ ಸುಟ್ಟ ಗುರುತು,
ಬರೆ ಎಂದರೆ, ಬರೆಯಯ್ಯಾ, ಬರೆ.
ಎರಡರಲ್ಲಿ ಒಂದೇ ಮಾಡಿದನಲ್ಲ!

ಓಲೀಟಾ ಉರಿಯಲಿಲ್ಲ.
ಸೊನ್ನೆಯ ಮೇಲೆ ಬೆರಳಿಟ್ಟು ಸುತ್ತಿದಳು, ಒಂದು ಸುತ್ತು, ಎರಡು.
"ಅಪ್ಪನ ಬರೆ ಇದಲ್ಲ.
ಅವನದು ಎಚ್ಚು, ಗೇಟಿನ ಮೇಲೂ ಅದೇ ಇತ್ತು.
ಈ ಓ... ಒಂದು ಕೆಂಪು ಹಸುವಿಗಿತ್ತು, ಆಮೇಲೆ ಅದರ ಕರುಗಳಿಗೆ.
ನಿನ್ನವು ಅಂತ ಅಮ್ಮ ಹೇಳುತ್ತಿದ್ದಳು.
ನಾನು ತಮಾಷೆ ಅಂದುಕೊಂಡಿದ್ದೆ."

ಟ್ಯೂಬ್‌ಲೈಟು ಆರಿತು. ಗ್ರಾಸಿಯೆಲಾ ಗೋಡೆಗೆ ಗುದ್ದಿದಳು. ಹತ್ತಿತು.
"ಹೇಳಲು ಬೇಜಾರು," ಅಂದಳು, "ಇದು ಪುರಾವೆಯಲ್ಲ.
ಹಸುವಿನ ಒಡತಿ ಹುಟ್ಟಿದ್ದಳು ಅಂತ ಎಲ್ಲೂ ಬರೆದಿಲ್ಲ."
ನಕಲಿಗೆ ಒಂದು ಡಾಲರು, ಮುದ್ರೆಗೆ ಐದು.
"ಮುದ್ರೆ ಬೇಕು," ಓಲೀಟಾ ಪರ್ಸು ತೆರೆದಳು.
ಕಬ್ಬಿಣದ ಯಂತ್ರ ಕಾಗದ ಕಚ್ಚಿತು.
ಶಾಯಿಯಿಲ್ಲದ ಗುರುತು, ಸವರಿದರೆ ಮಾತ್ರ ಸಿಗುವಂಥದು.

ಮಂಗಳವಾರ ಮತ್ತೆ ಬರಬೇಕು,
ಅವಳು ಹುಟ್ಟಿದ್ದನ್ನು ಬಲ್ಲವರೊಬ್ಬರನ್ನು ಕರೆದುಕೊಂಡು.
ದಾರಿಯುದ್ದ ಎಣಿಸಿದೆವು, ಯಾರಿದ್ದಾರೆ ಅಂತ.
ಲೂಬಾಕಿನಲ್ಲಿ ಒಬ್ಬಳು ಅತ್ತೆಮಗಳು, ತೊಂಬತ್ತೆರಡು,
ಕೇಳುವ ಕಿವಿ ಎಡಗಡೆಯದು ಮಾತ್ರ.
ಆಮೇಲೆ ಅವಳು ಮಾತು ನಿಲ್ಲಿಸಿದಳು.
ಕಿಟಕಿಯಾಚೆ ಯಾರದೋ ದನ, ಯಾರದೋ ಬೇಲಿ.
ಕಾಗದ ಅವಳ ತೊಡೆಯ ಮೇಲಿತ್ತು,
ಎಡತೊಡೆಯ ಮೇಲೆ,
ಹಾರದಂತೆ ಅಂಗೈ ಒತ್ತಿ ಹಿಡಿದಿದ್ದಳು.