ಒಂದು ಭಾನುವಾರ, ಮೂರು ಅಂಕಣ

ಎಜಾಜನ ಓಮ್ನಿಯ ಹಿಂಬಾಗಿಲು ಒಳಗಿಂದ ತೆಗೆಯದು,
ಮುನಿಲಕ್ಷ್ಮಕ್ಕ ಇಳಿಯುವುದು ಯಾವಾಗಲೂ ಕೊನೆಗೆ, ಬೈದುಕೊಂಡು.
ಮಲ್ಲೇಶ್ವರದಲ್ಲಿ ಬಾಲ್ ಬ್ಯಾಡ್ಮಿಂಟನ್, ಹತ್ತಕ್ಕೆ ಅಂದಿದ್ದರು.
ಹೋದರೆ ಅಂಕಣದ ತುಂಬ ಶಾಮಿಯಾನ,
ಬಲೆ ಕಟ್ಟುವ ಕಂಬಕ್ಕೆ ಬಲೂನು, ಯಾರದೋ ನಾಮಕರಣ.
ಕರೆಯದವರಿಗೂ ಕೇಸರಿಬಾತ್ ಕೊಟ್ಟರು. ತಿಂದೆವು.

ಗೊರಗುಂಟೆಪಾಳ್ಯದಲ್ಲಿ ಮುಕ್ಕಾಲು ಗಂಟೆ.
ಮುಂದಿನ ಲಾರಿಯ ಬೆನ್ನಿನ ಬರಹವನ್ನು
ಕ್ಲೆಮೆಂಟ್ ಹಿಂದುಮುಂದಾಗಿ ಓದಿದ,
ರಾಗ ಹಾಕಿ ಓದಿದ, ನಿದ್ದೆಹೋದ.
ದಾಸರಹಳ್ಳಿಯಲ್ಲಿ ಆಟ ಮುಗಿದು
ಗೆದ್ದವರು ಸೋತವರು ಒಂದೇ ಬಾಟಲಿ ಎತ್ತಿ ಕುಡಿಯುತ್ತಿದ್ದರು.
"ಮೂವತ್ತೈದು, ಮೂವತ್ಮೂರು. ನೀವು ನೋಡ್ಬೇಕಿತ್ತು."
ನೋಡ್ಬೇಕಿತ್ತು!
ಎಜಾಜ್ ಸ್ಟೇರಿಂಗಿಗೆ ಹಣೆ ಚಚ್ಚಿಕೊಂಡ,
ತಿಂಗಳಿಂದ ಕೆಟ್ಟಿದ್ದ ಹಾರನ್ನು ಕೂಗಿತು.

ನೈಸ್ ರಸ್ತೆಯಲ್ಲಿ ಪಂಕ್ಚರು.
ಸ್ಟೆಪ್ನಿ ಇತ್ತು, ಜಾಕ್ ಇರಲಿಲ್ಲ.

ಕೆಂಗೇರಿಯಲ್ಲಿ ದೀಪ ಹತ್ತಿತ್ತು.
ಪ್ರೇಕ್ಷಕರೆಂದರೆ ನಾವು ನಾಲ್ವರು, ಕಡ್ಲೆಕಾಯಿಯವನು, ಒಂದು ನಾಯಿ.
ಗಾಳಿಗೆ ಹಳದಿ ಉಣ್ಣೆಯ ಚೆಂಡು
ಹೊಡೆದ ಕಡೆ ಹೋಗದೆ, ಯಾರೋ ಕರೆದ ಹಾಗೆ ತಿರುಗಿ
ಗೋಡೆಯಾಚೆ ಚರಂಡಿಗೆ ಬಿತ್ತು.
"ಇನ್ನೊಂದಿಲ್ಲ" ಅಂದರು ಅಂಪೈರು.
ಮುನಿಲಕ್ಷ್ಮಕ್ಕ ಚೀಲಕ್ಕೆ ಕೈಹಾಕಿದಳು.
ಅವಳು ಜಡೆ ಮಡಚಿ ಕಟ್ಟಿ ಆಡಿದ ಕಾಲದ್ದು,
ಹಳದಿ ಹೋಗಿ ಬೂದು ಉಳಿದದ್ದು.
"ಹುಷಾರು ಕಣ್ರೋ."

ಹನ್ನೊಂದು ಪಾಯಿಂಟು ತಡೆಯಿತು.
ಹನ್ನೆರಡನೆಯ ಹೊಡೆತಕ್ಕೆ ಬಾಲ ಬಿಟ್ಟುಕೊಂಡು ಹಾರಿತು, ಗಾಳಿಪಟದಂತೆ,
ಆಡುವವರೂ ಬ್ಯಾಟು ಕೆಳಗಿಟ್ಟು ನಕ್ಕರು.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ
ನೂಲು ಸುತ್ತುತ್ತ ಕೂತಿದ್ದಳು.
ಮನೆ ಬಂತು. ಬಾಗಿಲು ತೆಗೆದೆವು. ಬೈಯಲಿಲ್ಲ.
"ಮುಂದಿನ ವಾರ ಯಶವಂತಪುರ," ಅಂದಳು,
"ಜಾಕ್ ತಗೊಂಡು ಬಾ."